ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್: ಕೈ ಯಾರದ್ದು, ಬಾಯಿ ಯಾರದ್ದು, ಹೆಸರು ಯಾರಿಗೆ?

ಹಳೇಕ್ಯಾಸೆಟ್:

ಇಲ್ಲಿ ಹಿಪ್‌ಹಾಪ್ ಮಾತು ಬಂದಾಗಲೆಲ್ಲ ಟುಪಾಕ್, ಎಮಿನೆಮ್ ಹತ್ತಿರ ಶುರುವಾಗಿ ಅಲ್ಲಲ್ಲೇ ಸುತ್ತುತ್ತೆ. ಅವರಿಗೆ ದಾರಿ ಮಾಡಿಕೊಟ್ಟವರ ಬಗ್ಗೆ ಒಂದು ಎಳೆ ಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್. ನ್ಯೂಯಾರ್ಕಿನ ಬ್ರಾಂಕ್ಸ್‌ನವರು. ಒಬ್ಬ ಡಿಜೆ, ಐದು ಜನ ಎಂಸಿಗಳು, ಅಂದರೆ ಮೈಕ್ ಹಿಡಿದು ತಾಳಕ್ಕೆ ಸಾಲು ಹೇಳುವವರು.

ಯಾರ್ಯಾರು ಅಂತ ಮೊದಲು ಹೇಳಿಬಿಡ್ತೀನಿ. ಫ್ಲ್ಯಾಶ್ ಅಂದರೆ ಜೋಸೆಫ್ ಸ್ಯಾಡ್ಲರ್. ಹುಟ್ಟಿದ್ದು 1958ರಲ್ಲಿ, ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ, ಬೆಳೆದದ್ದು ಬ್ರಾಂಕ್ಸ್‌ನಲ್ಲಿ. ಐವರಲ್ಲಿ ಮೊದಲು ಬಂದವನು ಕೌಬಾಯ್, ಅಂದರೆ ರಾಬರ್ಟ್ ಕೀತ್ ವಿಗಿನ್ಸ್. ಆಮೇಲೆ ಗ್ಲೋವರ್ ಅಣ್ಣತಮ್ಮಂದಿರು: ನಥಾನಿಯಲ್ ‘ಕಿಡ್ ಕ್ರಿಯೋಲ್’ ಆದ, ಮೆಲ್ವಿನ್ ‘ಮೆಲಿ ಮೆಲ್’ ಆದ. ನಂತರ ಎಡ್ಡಿ ಮೋರಿಸ್. ಮೊದಲು ಮಿಸ್ಟರ್ ನೆಸ್ ಅಂತಿದ್ದ, ಆಮೇಲೆ ಸ್ಕಾರ್ಪಿಯೋ. ಕೊನೆಗೆ ಸೇರಿದವನು ರಹೀಮ್, ಗೈ ಟಾಡ್ ವಿಲಿಯಮ್ಸ್. ಅವನು ಎದುರಾಳಿ ತಂಡವಾದ ಫಂಕಿ ಫೋರ್ ಬಿಟ್ಟು ಇಲ್ಲಿಗೆ ಬಂದವನು, ಐವರಲ್ಲಿ ನಿಜವಾಗಿ ಹಾಡುವ ಕಂಠ ಇದ್ದವನು. 1976ರ ಹೊತ್ತಿಗೆ ಇವರೆಲ್ಲ ಹೈಸ್ಕೂಲು ವಯಸ್ಸಿನ ಹುಡುಗರು. ಮೆಲ್‌ಗೆ ಹದಿನೈದು.

ಈಗ ನನ್ನನ್ನು ಕಾಡುವ ವಿಷಯ. ಈ ಗುಂಪಿನ ಹೆಸರು ಹೇಳಿದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಹಾಡು 1982ರ ‘ದಿ ಮೆಸೇಜ್’. ಆದರೆ ಆ ಹಾಡನ್ನು ಹೇಳಿದ್ದು ಆರು ಜನರಲ್ಲಿ ಒಬ್ಬನೇ, ಮೆಲಿ ಮೆಲ್. ಅವನ ಜೊತೆಗಿರುವ ಇನ್ನೊಂದು ದನಿ ಗುಂಪಿನದ್ದೇ ಅಲ್ಲ. ಗ್ರಾಮಫೋನ್ ತಟ್ಟೆಯ ಮೇಲೆ ಯಾವ ಹೆಸರು ದೊಡ್ಡದಾಗಿ ಅಚ್ಚಾಗಿದೆಯೋ ಆ ಫ್ಲ್ಯಾಶ್‌ನ ಕೈ ಆ ಸಂಗೀತದಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಈ ಗುಂಪಿನ ದೊಡ್ಡ ಕೊಡುಗೆ ಯಾವುದು? ಫ್ಲ್ಯಾಶ್‌ನ ಕೈಯೋ, ಮೆಲ್‌ನ ಸಾಲುಗಳೋ? ನನ್ನ ಓಟು ಕೈಗೆ. ಸಾಲು ಬರೆಯುವವರು ಮುಂದೆ ಬರುತ್ತಲೇ ಇದ್ದರು. ಗ್ರಾಮಫೋನ್ ತಿರುಗಣಿಯೇ ಒಂದು ವಾದ್ಯ ಅಂತ ಜಗತ್ತಿಗೆ ತೋರಿಸಿಕೊಟ್ಟ ಕೆಲಸ ಒಂದೇ ಸಲ ಆಗುವಂಥದ್ದು.

ಸರ್ಕ್ಯೂಟ್‌ಮೇಷ್ಟ್ರು:

ಈ ಎಳೆ ತೆಗೆದದ್ದಕ್ಕೆ ಧನ್ಯವಾದ. ನಾನು ವೃತ್ತಿಯಿಂದ ಎಲೆಕ್ಟ್ರಾನಿಕ್ಸ್ ಕಲಿಸುವವನು. ಫ್ಲ್ಯಾಶ್ ನನಗೆ ಇಷ್ಟವಾಗಲು ಮೊದಲ ಕಾರಣ ಸಂಗೀತ ಅಲ್ಲ. ಅವರು ಓದಿದ್ದು ಸ್ಯಾಮ್ಯುಯೆಲ್ ಗಾಂಪರ್ಸ್ ಎಂಬ ವೃತ್ತಿಶಿಕ್ಷಣ ಶಾಲೆಯಲ್ಲಿ, ವಿಷಯ ಎಲೆಕ್ಟ್ರಾನಿಕ್ಸ್. ಜನ ಬಿಸಾಡಿದ ರೇಡಿಯೋ, ಆಂಪ್ಲಿಫೈಯರ್ ಬಿಚ್ಚಿ ಕಟ್ಟುತ್ತಿದ್ದ ಹುಡುಗ. ಆ ಹಿನ್ನೆಲೆ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಹಿಪ್‌ಹಾಪ್‌ನ ಮೊದಲ ಹೆಜ್ಜೆ ಇಟ್ಟವರು ಕೂಲ್ ಹರ್ಕ್. ಜಮೈಕಾದಿಂದ ಬಂದವರು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಅವರ ತಂಗಿ ಸಿಂಡಿ ಏರ್ಪಡಿಸಿದ್ದ ಪಾರ್ಟಿಯನ್ನೇ ಎಲ್ಲರೂ ಆರಂಭ ಅಂತ ಗುರುತಿಸುತ್ತಾರೆ. ಹರ್ಕ್ ಕಂಡುಕೊಂಡದ್ದು ಇಷ್ಟು: ಹಾಡಿನ ನಡುವೆ ಎಲ್ಲ ವಾದ್ಯಗಳೂ ನಿಂತು ಬರೀ ಡ್ರಮ್ಮು ಉಳಿಯುವ ಕೆಲವು ಸೆಕೆಂಡು ಇರುತ್ತದಲ್ಲ, ಕುಣಿಯುವವರು ಕಾಯುವುದು ಅದಕ್ಕೇ. ಅದಕ್ಕೆ ‘ಬ್ರೇಕ್’ ಅನ್ನುತ್ತಾರೆ. ಅವರು ಒಂದು ಬ್ರೇಕ್ ಮುಗಿಯುತ್ತಲೇ ಇನ್ನೊಂದಕ್ಕೆ ಹಾರುತ್ತಿದ್ದರು. ಆದರೆ ಗ್ರಾಮಫೋನ್ ಮುಳ್ಳನ್ನು ಅಂದಾಜಿನ ಮೇಲೆ ಇಡುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಾಳ ಕಡಿದುಹೋಗುತ್ತಿತ್ತು.

ಆ ಕಡಿತವೇ ಫ್ಲ್ಯಾಶ್ ಅವರ ತಲೆ ತಿಂದದ್ದು. ಒಂದೇ ತಟ್ಟೆಯ ಎರಡು ಪ್ರತಿ ತಗೊಂಡರು. ಒಂದು ಕಡೆ ಬ್ರೇಕ್ ಓಡುತ್ತಿರುವಾಗ ಇನ್ನೊಂದು ತಟ್ಟೆಯನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿ ಅದೇ ಬ್ರೇಕಿನ ತಲೆಗೆ ತಂದು ನಿಲ್ಲಿಸಬೇಕು. ಎಷ್ಟು ಸುತ್ತು ಹಿಂದೆ? ಅದಕ್ಕೆ ತಟ್ಟೆಯ ಮೇಲೆ ಬಣ್ಣದ ಕ್ರೇಯಾನಿನಲ್ಲಿ ಗೆರೆ ಎಳೆದರು; ಆ ಗೆರೆ ಗಡಿಯಾರದ ಮುಳ್ಳಿನ ಹಾಗೆ ಎಲ್ಲಿದೆ, ಎಷ್ಟು ಸಲ ಹಾದುಹೋಯಿತು ಎಂದು ನೋಡಿಕೊಂಡರೆ ಸಾಕು, ಮುಳ್ಳು ಎತ್ತುವ ಪ್ರಮೇಯವೇ ಇಲ್ಲ. ಹೀಗೆ ಹತ್ತು ಸೆಕೆಂಡಿನ ಡ್ರಮ್ಮನ್ನು ಹತ್ತು ನಿಮಿಷ ಎಳೆಯಬಹುದು, ಒಂದೇ ಒಂದು ಮಾತ್ರೆ ತಪ್ಪದೆ. ಆಗ ತಟ್ಟೆಯ ಮೇಲೆ ಬೆರಳಿಡುವುದು ಅಂದರೆ ಮಹಾಪರಾಧ. ಗೀರು ಬೀಳುತ್ತದೆ, ಮುಳ್ಳು ಹಾಳಾಗುತ್ತದೆ ಅಂತ ಉಳಿದ ಡಿಜೆಗಳು ಬೈಯುತ್ತಿದ್ದ ಕಾಲ.

ಮುಂದಿನ ತೊಡಕು, ತಿರುಗಣಿಯ ರಬ್ಬರ್ ಹಾಸು. ಅದು ತಟ್ಟೆಯನ್ನು ಹಿಡಿದುಕೊಂಡುಬಿಡುತ್ತದೆ, ಹಿಂದೆ ಎಳೆದರೆ ಮೋಟಾರೇ ಎಳೆದಂತೆ. ಫ್ಲ್ಯಾಶ್ ಅವರ ತಾಯಿಗೆ ಹೊಲಿಗೆ ಗೊತ್ತಿತ್ತು. ಅಂಗಡಿಯಿಂದ ಫೆಲ್ಟ್ ಬಟ್ಟೆ ತಂದು, ಗುಂಡಗೆ ಕತ್ತರಿಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ ಗಟ್ಟಿಮಾಡಿ ಕೆಳಗೆ ಹಾಸಿದರು. ತಟ್ಟೆ ಜಾರತೊಡಗಿತು. ಇವತ್ತು ಯಾವ ಡಿಜೆ ಅಂಗಡಿಗೆ ಹೋದರೂ ಸಿಗುವ ಸ್ಲಿಪ್‌ಮ್ಯಾಟ್ ಅದರ ವಂಶದ್ದೇ.

ಇನ್ನೊಂದು: ಎರಡನೇ ತಟ್ಟೆಯನ್ನು ಜನಕ್ಕೆ ಕೇಳಿಸುವ ಮೊದಲು ತನಗೆ ಕೇಳಿಸಬೇಕು. ಎರಡೂ ತಿರುಗಣಿಯ ಸದ್ದನ್ನು ಬೆರೆಸಲು ಅವರ ಕೈಗೆ ಸಿಕ್ಕ ಮಿಕ್ಸರಿನಲ್ಲಿ ಆ ಸೌಲಭ್ಯ ಇರಲಿಲ್ಲ. ಒಂದು ಸಣ್ಣ ಟಾಗಲ್ ಸ್ವಿಚ್ ತಂದು, ಹೊರಗಿನಿಂದ ವೈರಿಂಗ್ ಮಾಡಿ, ಅಂಟು ಹಾಕಿ ಮಿಕ್ಸರಿಗೇ ಅಂಟಿಸಿ, ಹೆಡ್‌ಫೋನಿಗೆ ಎಡಗಡೆಯದ್ದೋ ಬಲಗಡೆಯದ್ದೋ ಕೇಳುವಂತೆ ಮಾಡಿಕೊಂಡರು. ಹತ್ತಿರ ಹತ್ತಿರ ಇಪ್ಪತ್ತರ ಪ್ರಾಯದ ಹುಡುಗ, ಶಾಲೆಯಲ್ಲಿ ಕಲಿತ ಸರ್ಕ್ಯೂಟಿನಿಂದ ಒಂದು ವಾದ್ಯವನ್ನೇ ಕಟ್ಟಿದ. ನನ್ನ ವಿದ್ಯಾರ್ಥಿಗಳಿಗೆ ಇಂಥ, ಎರಡು ದಾರಿಗಳಲ್ಲಿ ಒಂದನ್ನು ಆರಿಸುವ ಎಸ್‌ಪಿಡಿಟಿ ಸ್ವಿಚ್ ಪಾಠ ಬಂದಾಗ ನಾನು ಹೇಳುವ ಉದಾಹರಣೆ ಇದೇ.

ತಟ್ಟೆಯನ್ನು ಮುಳ್ಳಿನ ಕೆಳಗೆ ಹಿಂದೆ ಮುಂದೆ ಉಜ್ಜಿ ಸದ್ದು ಹೊರಡಿಸುವ ಸ್ಕ್ರ್ಯಾಚ್ ಮಾತ್ರ ಅವರದ್ದಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅದು ಅವರ ಹತ್ತಿರ ಕಲಿಯುತ್ತಿದ್ದ ಚಿಕ್ಕ ಹುಡುಗ ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್ ಕಂಡುಹಿಡಿದದ್ದು. ಫ್ಲ್ಯಾಶ್ ಅದನ್ನು ಹದ ಮಾಡಿ ದೊಡ್ಡ ವೇದಿಕೆಗೆ ತಂದವರು.

ಧಾರವಾಡದಾಂವ:

ಮೇಷ್ಟ್ರ, ಇಷ್ಟೆಲ್ಲಾ ಕೈಚಳಕ ಇದ್ದಾಂವಗ ಮಾತಾಡೋ ಐದು ಮಂದಿ ಯಾಕ ಬೇಕಾದ್ರು? ಅದನ್ನ ಯಾರರ ಹೇಳ್ರಿ.

ಹಳೇಕ್ಯಾಸೆಟ್:

ಈ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದೇ. ಫ್ಲ್ಯಾಶ್ ತಿಂಗಳುಗಟ್ಟಲೆ ಕೋಣೆಯಲ್ಲಿ ಕೂತು ಇದನ್ನು ಸಾಧಿಸಿ ಮೊದಲ ಸಲ ಜನರ ಮುಂದೆ ತೋರಿಸಿದಾಗ, ಯಾರೂ ಕುಣಿಯಲಿಲ್ಲ. ಸುಮ್ಮನೆ ನಿಂತು ನೋಡಿದರು. ಏನು ನಡೀತಿದೆ ಅಂತ ಗೊತ್ತಾಗದೆ ಅವನ ಕೈಯನ್ನೇ ದಿಟ್ಟಿಸಿದರು. ಅವನೇ ಹೇಳಿಕೊಂಡಿದ್ದಾನೆ, ಮನೆಗೆ ಹೋಗಿ ಅತ್ತುಬಿಟ್ಟೆ ಅಂತ.

ಆಗ ಹೊಳೆದದ್ದು, ಜನರ ಗಮನವನ್ನು ಕೈಯಿಂದ ಬಿಡಿಸಿ ಮತ್ತೆ ಕುಣಿತಕ್ಕೆ ಹಚ್ಚುವವನೊಬ್ಬ ಬೇಕು ಅಂತ. ಮೇಜಿನ ಆ ಕಡೆ ಒಂದು ಮೈಕ್ ಇಟ್ಟ, ಯಾರು ಬೇಕಾದರೂ ಬಂದು ಮಾತಾಡಿ ಅಂದ. ಬಂದವರಲ್ಲಿ ಹೆಚ್ಚಿನವರು ಆ ತಾಳದ ಮೇಲೆ ನಿಲ್ಲಲಾರದೆ ಹೋದರು. ನಿಂತವನು ಕೌಬಾಯ್. ಅವನದ್ದು ಗಟ್ಟಿ, ತುಂಬು ದನಿ. ಕೈ ಎತ್ತಿ, ಆಚೀಚೆ ಆಡಿಸಿ, ಜೋರಾಗಿ ಕೂಗಿ ಅಂತ ಜನರನ್ನು ಕೂಗಿಸುವ ಕಲೆ ಅವನದ್ದು. ಇವತ್ತು ಜಗತ್ತಿನ ಯಾವ ಸ್ಟೇಜಿನಲ್ಲಿ ಯಾರು ‘ಕೈ ಮೇಲೆತ್ತಿ’ ಅಂದರೂ ಅದರ ಹಿಂದೆ ಕೌಬಾಯ್ ಇದ್ದಾನೆ ಅಂತ ನಾನು ನಂಬ್ತೀನಿ.

‘ಹಿಪ್‌ಹಾಪ್’ ಅನ್ನುವ ಹೆಸರು ಕೂಡ ಅವನಿಂದ ಬಂತು ಅನ್ನುವವರು ಬಹಳ ಜನ. ಸೈನ್ಯಕ್ಕೆ ಸೇರಿದ ಗೆಳೆಯನನ್ನು ಮೈಕಿನಲ್ಲಿ ಛೇಡಿಸುತ್ತಾ ಸಿಪಾಯಿಗಳ ಹೆಜ್ಜೆಯ ತಾಳಕ್ಕೆ ಆ ಶಬ್ದ ಹಾಡಿದನಂತೆ. ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಲವ್‌ಬಗ್ ಸ್ಟಾರ್‌ಸ್ಕಿಯ ಹೆಸರನ್ನೂ ಇದಕ್ಕೆ ಹೇಳುತ್ತಾರೆ.

ಮುಂದೆ ಗ್ಲೋವರ್ ಸೋದರರು ಬಂದ ಮೇಲೆ ಅದು ಬರೀ ಕೂಗು ಆಗಿ ಉಳಿಯಲಿಲ್ಲ, ಪದ್ಯ ಆಯಿತು. ಒಬ್ಬ ಸಾಲು ಶುರುಮಾಡಿದರೆ ಇನ್ನೊಬ್ಬ ನಡುವೆ ಎತ್ತಿಕೊಂಡು ಮೂರನೆಯವನು ಮುಗಿಸುವುದು. 1979ರ ‘ಸೂಪರ್‌ರಾಪಿನ್’ ಕೇಳಿ. ಹಾರ್ಲೆಮ್‌ನ ಬಾಬಿ ರಾಬಿನ್ಸನ್ ಅವರ ಎಂಜಾಯ್ ರೆಕಾರ್ಡ್ಸ್ ತಂದದ್ದು, ಹನ್ನೆರಡು ನಿಮಿಷದ ಹಾಡು. ಐದು ದನಿಗಳು ಒಂದೇ ಗಂಟಲಿನಿಂದ ಬಂದ ಹಾಗಿವೆ.

ಬೀಟ್‌ಹುಡುಗಿ:

ಮೊದಲ ಪೋಸ್ಟಿಗೆ ನನ್ನ ತಕರಾರು ಇದೆ. ‘ಸಾಲು ಬರೆಯುವವರು ಮುಂದೆ ಬರುತ್ತಲೇ ಇದ್ದರು’ ಅಂತ ಬರೆದಿದ್ದೀರಿ. ಮುಂದೆ ಬಂದವರು ಯಾರನ್ನು ನೋಡಿ ಬಂದರು? 1982ಕ್ಕೆ ಮುಂಚಿನ ರಾಪ್ ತಟ್ಟೆಗಳಲ್ಲಿ ಹೆಚ್ಚಿನವು ಪಾರ್ಟಿಯವು: ನಾನು ಎಷ್ಟು ಚೆಂದ, ನನ್ನ ಡಿಜೆ ಎಷ್ಟು ಜೋರು, ಕುಣಿಯಿರಿ. ‘ದಿ ಮೆಸೇಜ್’ ಬಂದ ಮೇಲೆ ಒಡೆದ ಗಾಜು, ಮೆಟ್ಟಿಲ ಮೇಲಿನ ಉಚ್ಚೆಯ ವಾಸನೆ, ಇಲಿ, ಜಿರಲೆ, ಬಾಕಿ ಸಾಲ, ಜೈಲಿಗೆ ಹೋದ ಹುಡುಗ, ಇವೆಲ್ಲ ಹಾಡಿನ ವಸ್ತು ಆದವು. ತಾಳ ಕೂಡ ಬೇಕಂತಲೇ ನಿಧಾನ. ಕುಣಿಯೋಕೆ ಬಂದವರನ್ನು ನಿಲ್ಲಿಸಿ ಕೇಳಿಸಿದ ಹಾಡು ಅದು. ಆಮೇಲಿನ ಪಬ್ಲಿಕ್ ಎನಿಮಿ, ಎನ್‌ಡಬ್ಲ್ಯೂಎ, ನಾಸ್, ಕೆಂಡ್ರಿಕ್ ಲಮಾರ್ ವರೆಗೆ ಎಲ್ಲರೂ ಆ ಬಾಗಿಲಿನಿಂದ ಒಳಗೆ ಬಂದವರು.

ಇನ್ನು ಆ ‘ಇನ್ನೊಂದು ದನಿ’. ಅವರಿಗೆ ಹೆಸರಿದೆ: ಎಡ್ವರ್ಡ್ ಫ್ಲೆಚರ್, ಡ್ಯೂಕ್ ಬೂಟಿ. ಶುಗರ್ ಹಿಲ್ ರೆಕಾರ್ಡ್ಸ್‌ನ ವಾದ್ಯತಂಡದಲ್ಲಿ ಪರ್ಕಶನ್ ನುಡಿಸುತ್ತಿದ್ದರು. ನ್ಯೂಜರ್ಸಿಯ ಎಲಿಜಬೆತ್ ಪಟ್ಟಣದಲ್ಲಿ ತಾಯಿಯ ಮನೆಯಲ್ಲಿ ಕೂತು ಆ ಹಾಡಿನ ಹೆಚ್ಚಿನ ಭಾಗ, ಪಲ್ಲವಿ ಸಮೇತ, ಬರೆದವರು ಅವರು. ಕಂಪನಿಯ ಒಡತಿ ಸಿಲ್ವಿಯಾ ರಾಬಿನ್ಸನ್ ಅದನ್ನು ಗುಂಪಿನ ಮುಂದಿಟ್ಟಾಗ ಫ್ಲ್ಯಾಶ್ ಸೇರಿ ಯಾರಿಗೂ ಬೇಡವಾಗಿತ್ತು. ದಿನವಿಡೀ ಕಷ್ಟದಲ್ಲೇ ಇರುವ ಜನ ಪಾರ್ಟಿಗೂ ಬಂದು ಕಷ್ಟವನ್ನೇ ಯಾಕೆ ಕೇಳಬೇಕು ಅನ್ನೋದು ಅವರ ವಾದ, ಆ ವಾದದಲ್ಲಿ ತಿರುಳೂ ಇತ್ತು. ಸಿಲ್ವಿಯಾ ಬಿಡಲಿಲ್ಲ. ಕೊನೆಗೆ ಒಪ್ಪಿದವನು ಮೆಲ್. ಮಗುವಿನ ಹುಟ್ಟಿನಿಂದ ಜೈಲಿನಲ್ಲಿ ಸಾಯುವ ತನಕ ಸಾಗುವ ಆ ಕೊನೆಯ ಪದ್ಯ ಮೆಲ್‌ನದ್ದು. ಅದನ್ನು ಅವನು 1979ರಲ್ಲೇ ‘ಸೂಪರ್‌ರಾಪಿನ್’ನಲ್ಲಿ ಹೇಳಿದ್ದ. ಅಲ್ಲಿ ಪಾರ್ಟಿ ಗದ್ದಲದಲ್ಲಿ ಯಾರಿಗೂ ನಾಟಲಿಲ್ಲ. ಇಲ್ಲಿ ನಿಧಾನ ತಾಳದಲ್ಲಿ, ಸುತ್ತ ಖಾಲಿ ಬಿಟ್ಟು ಹೇಳಿದಾಗ ಎದೆಗೆ ಬಂದು ಹೊಡೆಯಿತು.

ವಿಡಿಯೋದಲ್ಲಿ ಡ್ಯೂಕ್ ಬೂಟಿಯ ಸಾಲುಗಳಿಗೆ ತುಟಿ ಆಡಿಸಿದವನು ರಹೀಮ್. ಆ ವಿಡಿಯೋ ನೋಡಿ ಬೆಳೆದವರಿಗೆ ಬರೆದವನ ಮುಖವೇ ಗೊತ್ತಾಗಲಿಲ್ಲ. ಅವರು ಮುಂದೆ ಸಂಗೀತದ ವ್ಯಾಪಾರ ಬಿಟ್ಟು ಮೇಷ್ಟ್ರಾದರು, ಜಾರ್ಜಿಯಾದ ಸವಾನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, 2021ರ ಜನವರಿಯಲ್ಲಿ ತೀರಿಕೊಂಡರು. ಈ ಎಳೆಯ ತಲೆಬರಹದಲ್ಲಿ ಅವರ ಹೆಸರೂ ಇರಬೇಕಿತ್ತು.

ಜರ್ಸಿಕನ್ನಡಿಗ:

ನಾನಿರೋದು ನ್ಯೂಜರ್ಸಿಯ ಉತ್ತರ ಭಾಗದಲ್ಲಿ. ಶುಗರ್ ಹಿಲ್ ರೆಕಾರ್ಡ್ಸ್ ಇದ್ದದ್ದು ಇಲ್ಲೇ ಎಂಗಲ್‌ವುಡ್‌ನಲ್ಲಿ. ಹಡ್ಸನ್ ನದಿ ದಾಟಿದರೆ ಬ್ರಾಂಕ್ಸ್ ದೂರ ಇಲ್ಲ, ಆದರೆ 1970ರ ದಶಕದಲ್ಲಿ ಎರಡೂ ಬೇರೆ ಬೇರೆ ಲೋಕ.

ಹಾಡಿನಲ್ಲಿ ಬರುವ ಆ ಒಡೆದ ಗಾಜು ಯಾರ ಕಲ್ಪನೆಯೂ ಅಲ್ಲ. ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿ ಬ್ರಾಂಕ್ಸ್‌ನ ನಡುವೆಯೇ ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಹಾಯಿಸಿದ. ಸಾವಿರಾರು ಕುಟುಂಬಗಳು ಎದ್ದು ಹೋದವು. ಅನುಕೂಲ ಇದ್ದವರು ಊರು ಬಿಟ್ಟರು, ಮನೆಗಳ ಬೆಲೆ ಕುಸಿಯಿತು, ಬಾಡಿಗೆಗಿಂತ ವಿಮೆ ಹಣವೇ ಲಾಭ ಅಂತ ಕಟ್ಟಡಗಳಿಗೆ ಬೆಂಕಿ ಬೀಳತೊಡಗಿತು. ಅದೇ ಹೊತ್ತಿಗೆ ದಿವಾಳಿಯ ಅಂಚಿನಲ್ಲಿದ್ದ ನಗರಾಡಳಿತ ಅಗ್ನಿಶಾಮಕ ಠಾಣೆಗಳನ್ನೇ ಮುಚ್ಚಿತು. ಆ ಬೀದಿಗಳಲ್ಲಿ ಬೆಳೆದ ಹುಡುಗರು ಇವರು. ಕ್ಲಬ್ಬಿಗೆ ಹೋಗಲು ದುಡ್ಡಿಲ್ಲ, ವಾದ್ಯ ಕೊಳ್ಳಲು ದುಡ್ಡಿಲ್ಲ. ಪಾರ್ಕಿಗೆ ಹೋಗಿ ಬೀದಿದೀಪದ ಕಂಬದಿಂದ ಕರೆಂಟು ತೆಗೆದು ಸ್ಪೀಕರ್ ಹಚ್ಚುತ್ತಿದ್ದರು.

1520 ಸೆಜ್‌ವಿಕ್‌ನ ಆ ಕಟ್ಟಡ ಈಗಲೂ ಇದೆ, ಜನ ವಾಸ ಇದ್ದಾರೆ. ಹೆದ್ದಾರಿಯ ಪಕ್ಕದ ಸಾಧಾರಣ ಅಪಾರ್ಟ್‌ಮೆಂಟು. ಇಲ್ಲಿಗೆ ಬರುವ ನೆಂಟರು ಸ್ವಾತಂತ್ರ್ಯದೇವಿಯ ಪ್ರತಿಮೆ ನೋಡಬೇಕು ಅಂತಾರೆ, ಕರೆದುಕೊಂಡು ಹೋಗ್ತೀನಿ; ಅವರ ಮಕ್ಕಳಿಗೆ ಹಾಡಿನ ಹುಚ್ಚಿದ್ದರೆ ಈ ಕಟ್ಟಡವನ್ನೂ ತೋರಿಸ್ತೀನಿ.

ಇನ್ನೊಂದು ವಿಷಯ. ಇವರು ಬ್ರಾಂಕ್ಸ್ ದಾಟಿ ಹೊರಗೆ ಹೋದಾಗ ಸಿಕ್ಕ ಸ್ವಾಗತ ಎಂಥದ್ದು ಗೊತ್ತೇ? 1981ರಲ್ಲಿ ಬ್ರಿಟನ್ನಿನ ದ ಕ್ಲ್ಯಾಶ್ ಬ್ಯಾಂಡ್ ಟೈಮ್ಸ್ ಸ್ಕ್ವೇರಿನ ಬಾಂಡ್ಸ್ ಸಭಾಂಗಣದಲ್ಲಿ ಸಾಲು ಕಾರ್ಯಕ್ರಮ ಮಾಡಿತು. ತಮಗಿಂತ ಮೊದಲು ಹಾಡಲು ಫ್ಲ್ಯಾಶ್ ಗುಂಪನ್ನು ಪ್ರೀತಿಯಿಂದ ಕರೆಸಿದರು. ರಾಕ್ ಕೇಳಲು ಬಂದಿದ್ದ ಜನ ಇವರ ಮೇಲೆ ಲೋಟ, ಸಿಕ್ಕಸಿಕ್ಕದ್ದನ್ನು ಎಸೆದರು. ಕ್ಲ್ಯಾಶ್‌ನವರೇ ಮೈಕ್ ಹಿಡಿದು ತಮ್ಮ ಪ್ರೇಕ್ಷಕರನ್ನು ಬೈಯಬೇಕಾಯಿತು. ಇದಾಗಿ ಇಪ್ಪತ್ತಾರು ವರ್ಷಕ್ಕೆ, 2007ರಲ್ಲಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ ಮೊಟ್ಟಮೊದಲ ಹಿಪ್‌ಹಾಪ್ ತಂಡ ಇವರದ್ದೇ. ಪರಿಚಯಿಸಿದವರು ರಾಪರ್ ಜೇ-ಜೀ.

ಸರ್ಕ್ಯೂಟ್‌ಮೇಷ್ಟ್ರು:

ಬೀಟ್‌ಹುಡುಗಿ ಅವರ ಮಾತಿನ ತೂಕ ಒಪ್ಪುತ್ತೇನೆ. ಆದರೆ ಅದೇ ಸಿಲ್ವಿಯಾ ರಾಬಿನ್ಸನ್ ಕಂಪನಿಯಿಂದ ‘ದಿ ಮೆಸೇಜ್’ಗೆ ಒಂದು ವರ್ಷ ಮೊದಲು, 1981ರಲ್ಲಿ, ಬಂದ ‘ವೀಲ್ಸ್ ಆಫ್ ಸ್ಟೀಲ್’ ತಟ್ಟೆಯನ್ನು ಮರೆಯಬಾರದು. ಅದರ ಪೂರ್ಣ ಹೆಸರು ಉದ್ದ, ಫ್ಲ್ಯಾಶ್ ಸಾಹಸಗಳು ಅನ್ನುವ ಅರ್ಥದ್ದು. ಏಳು ನಿಮಿಷ. ಮೂರು ತಿರುಗಣಿ. ಶಿಕ್, ಬ್ಲಾಂಡಿ, ಕ್ವೀನ್, ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್ ಮುಂತಾದ ತಂಡಗಳ ತಟ್ಟೆಗಳಿಂದ ತುಣುಕು ತುಣುಕಾಗಿ ಒಂದು ಹೊಸ ಹಾಡು. ಟೇಪು ಕತ್ತರಿಸಿ ಅಂಟಿಸಿದ್ದಲ್ಲ, ಕೂತು ಕೈಯಲ್ಲೇ ನುಡಿಸಿದ್ದು. ನಡುವೆ ತಪ್ಪಿದರೆ ಮತ್ತೆ ಮೊದಲಿನಿಂದ.

ಅದು ಬರುವ ತನಕ ತಟ್ಟೆಗಳಲ್ಲಿ ರಾಪ್ ಇತ್ತು, ಡಿಜೆ ಇರಲಿಲ್ಲ. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಮಾಡಿದ ಮೊದಲ ದೊಡ್ಡ ಹಿಟ್‌ನಲ್ಲೂ ಹಿಂದಿನಿಂದ ನುಡಿಸಿದ್ದು ಸ್ಟುಡಿಯೋ ವಾದ್ಯಗಾರರು. ಪಾರ್ಕಿನಲ್ಲಿ ಡಿಜೆಯೇ ರಾಜ, ಸ್ಟುಡಿಯೋಗೆ ಬಂದಾಗ ಅವನಿಗೆ ಕೆಲಸವೇ ಇಲ್ಲ. ಫ್ಲ್ಯಾಶ್ ಅವರ ನೋವು ಅಲ್ಲೇ ಶುರುವಾದದ್ದು ಅಂತ ನನಗೆ ಅನಿಸುತ್ತದೆ. ಯಾವ ಕೈಯ ಸುತ್ತ ಗುಂಪು ಕಟ್ಟಿತೋ ಆ ಕೈಗೆ ತಟ್ಟೆಯಲ್ಲಿ ಜಾಗ ಸಿಕ್ಕಿದ್ದು ಆ ಏಳು ನಿಮಿಷ ಮಾತ್ರ. ಬ್ಲಾಂಡಿಯ ಡೆಬ್ಬಿ ಹ್ಯಾರಿ ತಮ್ಮ ಹಾಡಿನಲ್ಲಿ ಫ್ಲ್ಯಾಶ್ ಹೆಸರು ಹೇಳಿದ್ದರು. ಆ ಹಾಡಿನ ತುಣುಕನ್ನೇ ಫ್ಲ್ಯಾಶ್ ತಮ್ಮ ತಟ್ಟೆಗೆ ತಂದಾಗ ಅವರ ಮನಸ್ಸು ಎಷ್ಟು ತುಂಬಿರಬೇಕು.

ಕರಾರುಪತ್ರ:

ಕಾನೂನಿನ ಕಡೆಯಿಂದ ಕೆಲವು ಮಾತು, ಯಾಕೆಂದರೆ ಗುಂಪು ಒಡೆದದ್ದು ಸಂಗೀತದಿಂದಲ್ಲ.

1983ರಲ್ಲಿ ಫ್ಲ್ಯಾಶ್ ಶುಗರ್ ಹಿಲ್ ಮೇಲೆ ದಾವೆ ಹಾಕಿದರು. ಒಂದು, ಬರಬೇಕಾದ ರಾಯಲ್ಟಿ ಬಂದಿಲ್ಲ ಅಂತ. ಇನ್ನೊಂದು, ಹೆಸರು ಯಾರದ್ದು ಅಂತ. ಗುಂಪು ಎರಡು ಹೋಳಾಯಿತು. ಫ್ಲ್ಯಾಶ್, ಕಿಡ್ ಕ್ರಿಯೋಲ್, ರಹೀಮ್ ಎಲೆಕ್ಟ್ರಾ ಕಂಪನಿಗೆ ಹೋದರು. ಮೆಲ್, ಕೌಬಾಯ್, ಸ್ಕಾರ್ಪಿಯೋ ಶುಗರ್ ಹಿಲ್‌ನಲ್ಲೇ ಉಳಿದು ‘ಗ್ರ್ಯಾಂಡ್‌ಮಾಸ್ಟರ್ ಮೆಲಿ ಮೆಲ್ ಅಂಡ್ ದ ಫ್ಯೂರಿಯಸ್ ಫೈವ್’ ಆದರು. ಗ್ಲೋವರ್ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ.

ಅದೇ ವರ್ಷ ಬಂದ ‘ವೈಟ್ ಲೈನ್ಸ್’, ಕೊಕೇನ್ ವಿರುದ್ಧದ ಹಾಡು, ಇವತ್ತಿಗೂ ಎಷ್ಟೋ ಕಡೆ ಫ್ಲ್ಯಾಶ್ ಹೆಸರಿನಲ್ಲಿ ಓಡುತ್ತದೆ. ಅವರಿಗೂ ಆ ಹಾಡಿಗೂ ಸಂಬಂಧ ಇಲ್ಲ. ತಟ್ಟೆಯ ಮೇಲೆ ‘ಗ್ರ್ಯಾಂಡ್‌ಮಾಸ್ಟರ್ ಅಂಡ್ ಮೆಲಿ ಮೆಲ್’ ಅಂತ ಅಚ್ಚು ಹಾಕಿದರೆ ಕೊಳ್ಳುವವನು ಏನು ತಿಳಿದುಕೊಳ್ಳುತ್ತಾನೆ ಹೇಳಿ. ಅದರ ಬೇಸ್ ಗತಿ ಕೂಡ ಲಿಕ್ವಿಡ್ ಲಿಕ್ವಿಡ್ ಎಂಬ ನ್ಯೂಯಾರ್ಕ್ ಬ್ಯಾಂಡಿನ ‘ಕ್ಯಾವರ್ನ್’ನದ್ದು, ಅದರ ಮೇಲೂ ವ್ಯಾಜ್ಯ ನಡೆಯಿತು.

ಹದಿನೆಂಟು ಇಪ್ಪತ್ತರ ಹುಡುಗರು ವಕೀಲರಿಲ್ಲದೆ ಸಹಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಈ ಕಾಲದ ರಾಪ್ ಕರಾರುಗಳು ಪಾಠ. ‘ದಿ ಮೆಸೇಜ್’ ಅಮೆರಿಕದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಏರಿದ್ದು 62ನೇ ಸ್ಥಾನಕ್ಕೆ. ಅದೇ ಸಂಗೀತದ ಮೇಲೆ ಕಟ್ಟಿದ ಪಫ್ ಡ್ಯಾಡಿಯ ಹಾಡು 1997ರಲ್ಲಿ ಒಂದನೇ ಸ್ಥಾನದಲ್ಲಿ ವಾರಗಟ್ಟಲೆ ಕೂತಿತ್ತು. ಬರೆದವರಾಗಿ ಹೆಸರು ದಾಖಲಾಗಿರುವುದು ಎಷ್ಟು ಮುಖ್ಯ ಅಂತ ಇಲ್ಲಿ ಹಾಡು ಮಾಡುತ್ತಿರುವ ಹುಡುಗರು ದಯವಿಟ್ಟು ಗಮನಿಸಿ. ಬೀಟ್ ಯಾರದ್ದು, ಸಾಲು ಯಾರದ್ದು, ಹೆಸರು ಯಾರಿಗೆ ಸೇರಿದ್ದು ಅಂತ ಸ್ನೇಹ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದುಕೊಳ್ಳಿ.

ಧಾರವಾಡದಾಂವ:

ನಮ್ಮ ಕಡೆ ಹರದೇಶಿ ನಾಗೇಶಿ ಲಾವಣಿ ಕೇಳಿ ಬೆಳೆದಾಂವ ನಾನು. ಎರಡು ಮೇಳ ಎದುರಾಬದುರಾ ನಿಂತು, ದಪ್ಪು ತುಂತುಣಿ ಹಿಡಕೊಂಡು, ಇಡೀ ರಾತ್ರಿ ಸವಾಲಿಗೆ ಜವಾಬು ಕಟ್ಟಿ ಹಾಡ್ತಿದ್ರು. ಹಳೇಕ್ಯಾಸೆಟ್ ಅವರು ಹೇಳಿದ ‘ಸೂಪರ್‌ರಾಪಿನ್’ ಹಚ್ಚಿ ಕೇಳಿದೆ. ಒಬ್ಬಾಂವ ಬಿಟ್ಟ ಸಾಲು ಇನ್ನೊಬ್ಬಾಂವ ಹಿಡಿಯೂದು ಕೇಳಿ ಮೈ ಝುಂ ಅಂತು. ಅವರಿಗೆ ನಮ್ಮದು ಗೊತ್ತಿಲ್ಲ, ನಮಗ ಅವರದು ಗೊತ್ತಿದ್ದಿಲ್ಲ, ಆದರ ಕಿವಿಗೆ ಗುರುತು ಸಿಕ್ತು.

ಒಂದು ಕೇಳ್ತೀನಿ. ಕೌಬಾಯ್ ಮುಂದ ಏನಾದ?

ಹಳೇಕ್ಯಾಸೆಟ್:

ಕೌಬಾಯ್ ತೀರಿಕೊಂಡ. 1989ರ ಸೆಪ್ಟೆಂಬರಿನಲ್ಲಿ. ಇಪ್ಪತ್ತೆಂಟು ವಯಸ್ಸು. 1980ರ ದಶಕದಲ್ಲಿ ಆ ಬಡಾವಣೆಗಳನ್ನೆಲ್ಲ ನುಂಗಿದ ಕ್ರ್ಯಾಕ್ ಎಂಬ ಮಾದಕ ಅವನನ್ನೂ ನುಂಗಿತು. ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಾಲ್ ಸೈಮನ್ ನಡೆಸಿಕೊಟ್ಟ ಸಹಾಯಾರ್ಥ ಕಾರ್ಯಕ್ರಮದಲ್ಲಿ ಆರೂ ಜನ ಮತ್ತೆ ಒಂದಾಗಿದ್ದರು. 1988ರಲ್ಲಿ ‘ಆನ್ ದ ಸ್ಟ್ರೆಂತ್’ ಅಂತ ಒಂದು ಆಲ್ಬಂ ಕೂಡ ಬಂತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ರನ್-ಡಿಎಂಸಿ ಎಂಬ ರಾಪ್ ತಂಡ ಬೀದಿಯ ಬಟ್ಟೆಯಲ್ಲೇ ಸ್ಟೇಜ್ ಹತ್ತಿ ಎಲ್ಲರನ್ನೂ ಗೆದ್ದಾಗಿತ್ತು. ಚರ್ಮದ ಉಡುಪು, ತುಪ್ಪಳ ಹಾಕಿ ಮಿಂಚುತ್ತಿದ್ದ ಇವರು ಹಳಬರಂತೆ ಕಂಡರು. ಹಾಲ್ ಆಫ್ ಫೇಮ್ ವೇದಿಕೆಗೆ ಕೌಬಾಯ್ ಬದುಕಿ ಬರಲಿಲ್ಲ ಅನ್ನೋದು ನನಗೆ ಈಗಲೂ ಸಂಕಟ.

ತುಂಗಾತೀರ:

ಎಲ್ಲ ಓದಿದೆ. ಯಾರೂ ಎತ್ತದ ವಿಷಯ ಎತ್ತುತ್ತೇನೆ. ಕಿಡ್ ಕ್ರಿಯೋಲ್ ಒಬ್ಬ ಮನೆಯಿಲ್ಲದ ಮನುಷ್ಯನನ್ನು 2017ರಲ್ಲಿ ಚಾಕುವಿನಿಂದ ಇರಿದು ಕೊಂದ ಪ್ರಕರಣದಲ್ಲಿ ಜೈಲಿನಲ್ಲಿದ್ದಾರೆ. 2022ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ನರಹತ್ಯೆಯ ಅಪರಾಧಿ ಎಂದು ತೀರ್ಮಾನಿಸಿ 16 ವರ್ಷ ಶಿಕ್ಷೆ ಕೊಟ್ಟಿತು. ಪರಂಪರೆ, ಕೊಡುಗೆ ಎಂದೆಲ್ಲ ಮಾತಾಡುವಾಗ ಇದನ್ನು ಬದಿಗಿಡುವುದು ಸರಿಯೇ?

ಬೀಟ್‌ಹುಡುಗಿ:

ಬದಿಗಿಡಬಾರದು. ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿ ಸತ್ತವನು ‘ದಿ ಮೆಸೇಜ್’ ಯಾರ ಬಗ್ಗೆ ಹಾಡಿತೋ ಅಂಥ ಒಬ್ಬ ಮನುಷ್ಯ. ಅದನ್ನು ಯೋಚಿಸಿದರೆ ಹೊಟ್ಟೆಯಲ್ಲಿ ಕಲಸುತ್ತದೆ. ಹಾಡಿನಲ್ಲಿ ಕ್ರಿಯೋಲ್ ದನಿ ಇರಲಿಲ್ಲ ಅಂತ ಹೇಳಿ ಜಾರಿಕೊಳ್ಳುವುದೂ ನನಗೆ ಸರಿ ಕಾಣೋಲ್ಲ. ‘ಸೂಪರ್‌ರಾಪಿನ್’ ಕೇಳುವಾಗ ಐದರಲ್ಲಿ ಒಂದು ದನಿಯನ್ನು ತೆಗೆದು ಕೇಳಲು ಆಗೋದಿಲ್ಲ. ಆ ದನಿ ಅಲ್ಲಿರುತ್ತೆ, ಅವನು ಮಾಡಿದ್ದೂ ಗೊತ್ತಿರುತ್ತೆ. ನಾನು ಎರಡನ್ನೂ ಇಟ್ಟುಕೊಂಡೇ ಕೇಳ್ತೀನಿ.

ಸರ್ಕ್ಯೂಟ್‌ಮೇಷ್ಟ್ರು:

ಗುಂಪಿನ ಸಾಧನೆ ಬೇರೆ, ಒಬ್ಬೊಬ್ಬರ ಬದುಕು ಬೇರೆ ಎಂದು ಎಳೆಯಲು ನನಗೂ ಮನಸ್ಸಿಲ್ಲ. ದಾಖಲೆಗಾಗಿ ಮಾತ್ರ ಬರೆಯುತ್ತೇನೆ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿ ಶುರುಮಾಡಿದಾಗ ಮೊದಲ ಕಂತಿನಲ್ಲೇ ‘ದಿ ಮೆಸೇಜ್’ ಇತ್ತು. 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಫ್ಲ್ಯಾಶ್ ಅವರಿಗೆ ಬಂತು. ಆ ಪ್ರಶಸ್ತಿ ಹಂಚಿಕೊಂಡವರಲ್ಲಿ ಪಿಟೀಲು ವಿದುಷಿ ಆನ್-ಸೋಫಿ ಮುಟ್ಟರ್ ಕೂಡ ಇದ್ದರು. ತಿರುಗಣಿಯೂ ಪಿಟೀಲೂ ಒಂದೇ ಸಾಲಿನಲ್ಲಿ ಕೂತವು. 2021ರಲ್ಲಿ ಇಡೀ ಗುಂಪಿಗೆ ಗ್ರ್ಯಾಮಿ ಜೀವಮಾನ ಸಾಧನೆ ಗೌರವ ಸಿಕ್ಕಿತು.

ಹಲಸೂರುಬೀಟ್ಸ್:

ನಾನು ಬೆಂಗಳೂರಿನಲ್ಲಿ ಡಿಜೆ. ನಮ್ಮಲ್ಲಿ ರಾಪ್ ಬಂದದ್ದು ಇಂಟರ್ನೆಟ್ಟಿನಿಂದ, ಡೌನ್‌ಲೋಡ್ ಮಾಡಿದ ಬೀಟಿನ ಮೇಲೆ. ಬ್ರೋಧಾ ವಿ, ಸ್ಮೋಕಿ, ಬಿಗ್ ನಿಕ್ ಸೇರಿ ಕಟ್ಟಿದ ‘ಮಚಾಸ್ ವಿತ್ ಆಟಿಟ್ಯೂಡ್’ ಕಾಲದಿಂದಲೂ ಇಲ್ಲಿ ಮುಂದೆ ನಿಂತವರು ಎಂಸಿಗಳೇ. ಇವತ್ತು ಕನ್ನಡ ರಾಪ್ ಎಷ್ಟು ಚೆನ್ನಾಗಿ ಬೆಳೆದಿದೆ ಅಂತ ನನಗೆ ಹೆಮ್ಮೆ ಇದೆ, ಆದರೆ ತಟ್ಟೆಯ ಮೇಲೆ ಕೈಯಿಟ್ಟು ನುಡಿಸುವ ಡಿಜೆ ಜೊತೆ ನಿಲ್ಲುವ ಗುಂಪು ನೋಡಲು ಸಿಗೋದು ಅಪರೂಪ. ಕಾರಣವೂ ಗೊತ್ತು, ಒಂದು ಜೊತೆ ಒಳ್ಳೆ ತಿರುಗಣಿ, ಮಿಕ್ಸರ್ ಸೇರಿದರೆ ಲಕ್ಷ ದಾಟುತ್ತೆ, ವಿನೈಲ್ ತಟ್ಟೆಗಳ ಖರ್ಚು ಬೇರೆ. ಹಳೇಕ್ಯಾಸೆಟ್ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಕೈ. ಯಾಕೆಂದರೆ ನಮಗೆ ಬಾಯಿ ಬಂತು, ಕೈ ಬರಲಿಲ್ಲ. ಮೇಷ್ಟ್ರು ಬರೆದ ಆ ಸ್ವಿಚ್ಚಿನ ಕಥೆ ನನ್ನ ಹತ್ತಿರ ಕಲಿಯುವ ಹುಡುಗರಿಗೆ ಪ್ರಿಂಟ್ ಮಾಡಿ ಕೊಡ್ತೀನಿ.

ತುಂಗಾತೀರ:

ನಾನು ಹಿಪ್‌ಹಾಪ್ ಹೆಚ್ಚು ಕೇಳಿದವಳಲ್ಲ. ಈ ಎಳೆ ಓದಿ ಕೇಳಬೇಕೆನಿಸಿದೆ. ಎಲ್ಲಿಂದ ಶುರುಮಾಡಲಿ?

ಹಳೇಕ್ಯಾಸೆಟ್:

‘ದಿ ಮೆಸೇಜ್’ನಿಂದ ಶುರು ಮಾಡಬೇಡಿ, ಅದನ್ನು ಕೊನೆಗಿಡಿ. ಮೊದಲು 1980ರ ‘ಫ್ರೀಡಂ’. ಪಾರ್ಟಿ ಹೇಗಿತ್ತು ಅಂತ ತಿಳಿಯುತ್ತೆ, ಆರು ಜನ ಇನ್ನೂ ಒಟ್ಟಿಗಿದ್ದ ಖುಷಿ ಅದರಲ್ಲಿದೆ. ಆಮೇಲೆ ‘ವೀಲ್ಸ್ ಆಫ್ ಸ್ಟೀಲ್’, ಹೆಡ್‌ಫೋನ್ ಹಾಕಿಕೊಂಡು. ಒಂದು ಹಾಡು ಇನ್ನೊಂದರೊಳಗೆ ಹೋಗುವ ಜಾಗದಲ್ಲಿ ಮೇಷ್ಟ್ರು ಹೇಳಿದ ಬೆರಳುಗಳನ್ನು ನೆನಪಿಸಿಕೊಳ್ಳಿ. ನಂತರ ‘ಸೂಪರ್‌ರಾಪಿನ್’. ಅದರಲ್ಲಿ ಮೆಲ್ ಮಗುವಿನ ಪದ್ಯ ಹೇಳುವ ತನಕ ಕಾದು, ಅಲ್ಲಿ ನಿಲ್ಲಿಸಿ, ಆಗ ‘ದಿ ಮೆಸೇಜ್’ ಹಾಕಿ. ಮೂರು ವರ್ಷದಲ್ಲಿ ಅವೇ ಸಾಲುಗಳು ಏನಾದವು ಅಂತ ನಿಮಗೇ ಕೇಳಿಸುತ್ತೆ. ಮೊದಲ ದನಿ ಮೆಲ್, ಜೊತೆಯದ್ದು ಡ್ಯೂಕ್ ಬೂಟಿ. ಕೊನೆಗೆ ಬೀದಿಯಲ್ಲಿ ಹುಡುಗರು ಮಾತಾಡುತ್ತಿರುವಾಗ ಪೊಲೀಸರು ಬಂದು ಎಳೆದೊಯ್ಯುವ ಸಣ್ಣ ಸನ್ನಿವೇಶ ಇದೆ. ಇಡೀ ತಟ್ಟೆಯಲ್ಲಿ ಫ್ಲ್ಯಾಶ್ ಮತ್ತು ಉಳಿದವರು ಇರುವುದು ಅಲ್ಲಿ ಮಾತ್ರ.

ಬೀಟ್‌ಹುಡುಗಿ:

‘ಸೂಪರ್‌ರಾಪಿನ್’ ಹುಡುಕುವಾಗ ಪೂರ್ತಿ ಹನ್ನೆರಡು ನಿಮಿಷದ್ದನ್ನೇ ಹುಡುಕಿ. ಚಿಕ್ಕದು ಮಾಡಿದ ಪ್ರತಿಗಳೂ ಓಡಾಡ್ತಿವೆ, ಅವುಗಳಲ್ಲಿ ಆ ಪದ್ಯ ಸಿಗದೆ ಹೋಗಬಹುದು. ಕೇಳಿದ ಮೇಲೆ ಇಲ್ಲೇ ಬಂದು ಬರೆಯಿರಿ, ಕೈಯೋ ಬಾಯಿಯೋ ಅಂತ ನಿಮ್ಮ ಓಟೂ ಬೇಕು.